ಜಾನಕಿ ಅಮ್ಮನ ಪ್ರಶ್ನೆ ಹಿಡಿದು ಅಮರಾಪುರದಿಂದ ಧರ್ಮಾವರಂಗೆ

ಮೊದಲ ದಿನ, ಗುರುವಾರ

ತಂಗಿಯ ಮದುವೆ ಸೀರೆಯನ್ನು ಧರ್ಮಾವರಂಗೇ ಹೋಗಿ ತೆಗೆಯಬೇಕು ಅನ್ನೋದು ಅಮ್ಮನ ಹಟ. ಅಜ್ಜಿಯ ಧಾರೆ ಸೀರೆ ಅಲ್ಲಿಯದು, ಅಮ್ಮನದೂ ಅಲ್ಲಿಯದು. "ಅದೇ ಸೀರೆ ಚಿಕ್ಕಪೇಟೆಯಲ್ಲೂ ಸಿಗುತ್ತಲ್ಲಮ್ಮ" ಅಂದೆ. "ಸಿಗುತ್ತೆ, ಅಂಗಡಿಯವನ ಬಾಡಿಗೆ, ಕರೆಂಟು ಬಿಲ್ಲು ಎಲ್ಲ ಸೇರಿಸಿಕೊಂಡು ಸಿಗುತ್ತೆ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಜೆ ಹಾಕಿದೆ. ಬೆಂಗಳೂರಿನಿಂದ ಗೌರಿಬಿದನೂರು, ಹಿಂದೂಪುರ, ಮಡಕಶಿರಾ, ಅಲ್ಲಿಂದ ಅಮರಾಪುರದ ಪಕ್ಕದ ಹಳ್ಳಿಯಲ್ಲಿ ಚಿಕ್ಕಮ್ಮನ ಮನೆ. ಎರಡು ದಿನ ಅಲ್ಲಿದ್ದು ಆಮೇಲೆ ಧರ್ಮಾವರಂ. ಮದುಮಗಳು ಚಿಕ್ಕಮ್ಮನ ಮಗಳು.

ಈ ಮದುಮಗಳು ಹಿಂದಿನ ವಾರ ಫೋನಿನಲ್ಲಿ ಹೊಸ ರಾಗ ತೆಗೆದಿದ್ದಳು. "ಅಕ್ಕ, ನನಗೆ ರೇಷ್ಮೆ ಸೀರೆ ಬೇಡ." ಅಷ್ಟೇ. ಯಾಕೆ ಏನು ಅಂತ ಹೇಳಲಿಲ್ಲ. ಹುಳ ಸಾಕೋ ಮನೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಮ್ಮ ಇದನ್ನು ಕೇಳಿ, ಹುಡುಗಿ ಬೇರೆ ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೇನೋ ನಿಧಾನಕ್ಕೆ ಕೇಳು ಅಂದರು. ನನಗೆ ಮಾತ್ರ ಜಾನಕಿ ವೆಂಕಟರಾಮನ್ ನೆನಪಾದರು. ತಂಗಿ ಗೂಡಿನೊಳಗೆ ಬೇಯೋ ಹುಳದ ಬಗ್ಗೆ ಮರುಗಿದ್ದಾಳೆ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಹಿಂದೂಪುರದವರೆಗೆ ಬಸ್ಸಿನಲ್ಲಿ ಅಮ್ಮನಿಗೆ ಅದೇ ಕತೆ ಹೇಳಿದೆ.

ಜಾನಕಿ ಅಂದರೆ 1987ರಿಂದ 1992ರವರೆಗೆ ರಾಷ್ಟ್ರಪತಿಯಾಗಿದ್ದ ಆರ್. ವೆಂಕಟರಾಮನ್ ಅವರ ಹೆಂಡತಿ. ಮದುವೆ ಆಗಿದ್ದು 1938ರಲ್ಲಿ. ಗಂಡ ಮದ್ರಾಸಿನಲ್ಲಿ ವಕೀಲರು. ಸಂಸಾರ ಶುರುವಾಗಿ ನಾಲ್ಕು ವರ್ಷಕ್ಕೆ ಕ್ವಿಟ್ ಇಂಡಿಯಾ ಚಳವಳಿ ಬಂತು, ಗಂಡ ಎರಡು ವರ್ಷ ಜೈಲಿನಲ್ಲಿದ್ದರು. ಆಮೇಲೆ ಕಾಮರಾಜರ ಕಾಲದಲ್ಲಿ ಮದ್ರಾಸಿನ ಕೈಗಾರಿಕಾ ಮಂತ್ರಿ, ದಿಲ್ಲಿಯಲ್ಲಿ ಹಣಕಾಸು, ರಕ್ಷಣೆ, ಆಮೇಲೆ ಉಪರಾಷ್ಟ್ರಪತಿ, ಕೊನೆಗೆ 340 ಕೋಣೆಗಳ ಆ ಮನೆ. ಮೂವರು ಹೆಣ್ಣುಮಕ್ಕಳು. ಒಬ್ಬ ಮಗಳು ಪದ್ಮಾ ವೆಂಕಟರಾಮನ್ ಕುಷ್ಠರೋಗದಿಂದ ನೊಂದವರು ತಮ್ಮ ಕಾಲ ಮೇಲೆ ನಿಲ್ಲಲಿ ಅಂತ ವರ್ಷಗಟ್ಟಲೆ ಕೆಲಸ ಮಾಡಿದವರು. ಜಾನಕಿ ತೀರಿಕೊಂಡಿದ್ದು 2010ರಲ್ಲಿ, ಗಂಡ ಹೋದ ಮರುವರ್ಷ.

ಇವರು ರೇಷ್ಮೆ ಉಡುತ್ತಿರಲಿಲ್ಲ. ಹುಳ ಕೊಂದು ಮಾಡಿದ ಬಟ್ಟೆ ಬೇಡ ಅಂತ. ಇದು ಸಣ್ಣ ಮಾತಲ್ಲ, ಯೋಚನೆ ಮಾಡಿ. ತಮಿಳು ಬ್ರಾಹ್ಮಣರ ಮನೆಯಲ್ಲಿ ಮಡಿ ಅಂದರೆ ರೇಷ್ಮೆ, ಮದುವೆ ಅಂದರೆ ರೇಷ್ಮೆ, ಹಬ್ಬ ಅಂದರೂ ರೇಷ್ಮೆ. ಕಂಚಿಯ ಪರಮಾಚಾರ್ಯರು ಭಕ್ತರಿಗೆ ರೇಷ್ಮೆ ಬಿಡಿ ಅಂತ ಹೇಳುತ್ತಿದ್ದರು, ವೆಂಕಟರಾಮನ್ ಈ ಆಚಾರ್ಯರ ದೊಡ್ಡ ಭಕ್ತರು. ಆದರೂ ಊರೆಲ್ಲ ಜರಿ ಸೀರೆ ಉಟ್ಟು ಬರೋ ಜಾಗದಲ್ಲಿ ಒಬ್ಬರೇ ಬೇಡ ಅಂತ ನಿಲ್ಲೋದಕ್ಕೆ ಗಟ್ಟಿತನ ಬೇಕು, ಅಲ್ವಾ?

1990ರ ಆಸುಪಾಸು. ಆಂಧ್ರದ ಕೈಮಗ್ಗ ಸಹಕಾರ ಸಂಸ್ಥೆ ಆಪ್ಕೋದವರು ಅವರಿಗೆ ಸೀರೆಗಳನ್ನು ತೋರಿಸುವಾಗ ಅವರು ಕೇಳಿದರಂತೆ, ಹುಳ ಸಾಯಿಸದೆ ಮಾಡಿದ ರೇಷ್ಮೆ ಸೀರೆ ನಿಮ್ಮ ಹತ್ತಿರ ಇದೆಯಾ ಅಂತ. ಇರಲಿಲ್ಲ. ಸಾಮಾನ್ಯವಾಗಿ ಇಂಥ ಮಾತಿಗೆ ನೌಕರರು ಏನು ಮಾಡುತ್ತಾರೆ? ನಕ್ಕು, ತಲೆಯಾಡಿಸಿ, ನೋಡ್ತೀವಿ ಮೇಡಂ ಅಂದು ಸೀರೆ ಮಡಚಿಟ್ಟು ಮನೆಗೆ ಹೋಗುತ್ತಾರೆ. ಆ ಸಂಸ್ಥೆಯ ತಾಂತ್ರಿಕ ವಿಭಾಗದಲ್ಲಿದ್ದ ಕುಸುಮ ರಾಜಯ್ಯ ಮನೆಗೆ ಹೋಗಿ ಸುಮ್ಮನಾಗಲಿಲ್ಲ. ಚಿಟ್ಟೆ ತಾನಾಗಿ ಹೊರಗೆ ಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆದು ಸೀರೆ ನೇಯಿಸಿದರು. ಅದಕ್ಕೆ ಅಹಿಂಸಾ ರೇಷ್ಮೆ ಅಂತ ಹೆಸರಾಯಿತು. ಪೇಟೆಂಟ್ ಸಿಕ್ಕಿದ್ದು 2006ರಲ್ಲಿ, ಅಂದರೆ ಪ್ರಶ್ನೆ ಕೇಳಿ ಹದಿನೈದು ವರ್ಷಕ್ಕೂ ಜಾಸ್ತಿ ಆದ ಮೇಲೆ.

ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ರಾಷ್ಟ್ರಪತಿ ಹೆಂಡತಿ ಕೇಳಿದ್ದಕ್ಕೆ ಮಾಡಿದ. ನಾನು ಕೇಳಿದ್ದರೆ ಅಂಗಡಿಯವನು ಹತ್ತಿ ಸೀರೆ ಆ ಕಡೆ ಇದೆ ಹೋಗಮ್ಮ ಅಂತಿದ್ದ" ಅಂದರು.

ಮಡಕಶಿರಾದಲ್ಲಿ ಬಸ್ಸು ಬದಲಾಯಿಸಿದೆವು. ಇಲ್ಲಿ ಬೋರ್ಡೆಲ್ಲ ತೆಲುಗು, ಬಸ್ಸಿನೊಳಗಿನ ಜಗಳ ಕನ್ನಡ. ಕಂಡಕ್ಟರ್ ತೆಲುಗಿನಲ್ಲಿ ಕೇಳುತ್ತಾನೆ, ಅಮ್ಮ ಕನ್ನಡದಲ್ಲಿ ಹೇಳುತ್ತಾರೆ, ಚಿಲ್ಲರೆ ವಿಷಯ ಬಂದಾಗ ಇಬ್ಬರೂ ಎರಡೂ ಭಾಷೆ ಕಲಸುತ್ತಾರೆ. ಜಿಲ್ಲೆ ಒಡೆದು 2022ರಿಂದ ಇದು ಶ್ರೀ ಸತ್ಯಸಾಯಿ ಜಿಲ್ಲೆ, ನಮ್ಮವರ ಬಾಯಲ್ಲಿ ಮಾತ್ರ ಇನ್ನೂ ಅನಂತಪುರವೇ. ಆ ಹಳೇ ಜಿಲ್ಲೆಯೂ ಒಬ್ಬ ರಾಷ್ಟ್ರಪತಿಯನ್ನು ಕೊಟ್ಟಿದೆ. ಇಲ್ಲೂರಿನ ನೀಲಂ ಸಂಜೀವ ರೆಡ್ಡಿ, 1977ರಲ್ಲಿ ಅವಿರೋಧವಾಗಿ ಆಯ್ಕೆಯಾದವರು. ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ರೆಡ್ಡಿಯವರ ರಾಜಕೀಯವೆಲ್ಲ ಬಾಯಿಪಾಠ, ಯಾರು ಯಾವಾಗ ಕೈಕೊಟ್ಟರು ಅನ್ನೋದರ ಸಮೇತ. ಅವರ ಹೆಂಡತಿ ಹೆಸರೇನು ತಾತ ಅಂತ ಕೇಳಿದೆ. ತುಂಬಾ ಹೊತ್ತು ಕಿಟಕಿ ಆಚೆ ನೋಡಿದರು. ನಾಗರತ್ನಮ್ಮ ಅಂತ ನಾನೇ ಹೇಳಿದೆ. "ಇರಬಹುದಮ್ಮ" ಅಂದರು.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಐದೂವರೆಗೆ ಚಿಕ್ಕಮ್ಮ ಎಬ್ಬಿಸಿದರು. ಗೂಡು ಬಿಡಿಸೋ ದಿನ. ಮದುವೆ ಮನೆಗೆ ನೆಂಟರಾಗಿ ಬಂದಿದ್ದೇವೆ ಅಂದುಕೊಂಡಿದ್ದ ನಾವು ಕೂಲಿಯವರಾದೆವು.

ಹುಳದ ಮನೆ ಬಾಗಿಲಲ್ಲೇ ನನ್ನನ್ನು ತಡೆದರು. ಮೈಗೆ ಏನೋ ವಾಸನೆ ಹಾಕಿಕೊಂಡಿದ್ದೀಯ, ತೊಳೆದುಕೊಂಡು ಬಾ ಅಂತ. ಗೂಡು ಕಟ್ಟಿ ಆಗಿದೆಯಲ್ಲ ಚಿಕ್ಕಮ್ಮ, ಈಗೇನಾಗುತ್ತೆ ಅಂದರೆ, "ಅಭ್ಯಾಸ ತಪ್ಪಿಸಬಾರದು" ಅಂದರು. ಸೆಂಟು, ಹೊಗೆಸೊಪ್ಪು, ಊದುಬತ್ತಿ, ಒಗ್ಗರಣೆ ಘಾಟು ಯಾವುದೂ ಈ ಹುಳಕ್ಕೆ ಆಗಲ್ಲ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದ ಚೀಲ ಇರುತ್ತೆ, ಅದನ್ನು ತುಳಿದುಕೊಂಡೇ ಒಳಗೆ ಹೋಗಬೇಕು. ಮೊಮ್ಮಕ್ಕಳನ್ನೂ ಇಷ್ಟು ಜೋಪಾನ ಮಾಡಲ್ಲ ಅಂತ ಚಿಕ್ಕಪ್ಪ ಹೊರಗಿನಿಂದಲೇ ಕೂಗಿದರು. ಬೀಡಿ ಕಾರಣಕ್ಕೆ ಅವರಿಗೆ ಒಳಗೆ ಪ್ರವೇಶವೇ ಇಲ್ಲ.

ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟೋಕೆ ಶುರು ಮಾಡೋವರೆಗೆ ಹೆಚ್ಚು ಕಡಿಮೆ 25 ದಿನ. ನಡುವೆ ನಾಲ್ಕು ಸಲ ಹುಳ ಜ್ವರಕ್ಕೆ ಕೂರುತ್ತೆ. ಜ್ವರ ಅಂದರೆ ಕಾಯಿಲೆ ಅಲ್ಲ, ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಕಳಚೋದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಬಕಾಸುರ. ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ 80 ಪರ್ಸೆಂಟಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ತಿನ್ನುತ್ತೆ. ಆಮೇಲೆ ಹಣ್ಣಾಗುತ್ತೆ, ಮೈ ಹಳದಿ ತಿರುಗಿ ಪಾರದರ್ಶಕ ಆಗುತ್ತೆ. ಆಗ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ತಟ್ಟೆಗೆ, ಹಾಕಬೇಕು. ಎರಡು ಮೂರು ದಿನದಲ್ಲಿ ತಲೆಯನ್ನು ಎಂಟಂಕಿಯ ಹಾಗೆ ಆಡಿಸುತ್ತಾ ತನ್ನ ಸುತ್ತ ತಾನೇ ಗೂಡು ಕಟ್ಟಿಕೊಳ್ಳುತ್ತೆ. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ, ಎಲ್ಲೂ ತುಂಡಾಗದೆ.

ಪಕ್ಕದ ಮನೆಯವರ ಹುಳ ಇನ್ನೂ ಬಕಾಸುರನ ವಾರದಲ್ಲಿತ್ತು. ಅಲ್ಲಿ ನಿಂತು ಸದ್ದು ಕೇಳಿದೆ, ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಕೊರೆಯೋ ಸದ್ದು. ಮಳೆ ಬಂದ ಹಾಗಿದೆ ಅಂತ ತಂಗಿಗೆ ಹೇಳಿದೆ. "ಬೆಂಗಳೂರಿಂದ ಬಂದವರೆಲ್ಲ ಹಾಗೇ ಅಂತಾರೆ. ನನಗೆ ಈ ಸದ್ದು ಕೇಳಿದರೆ ರಾತ್ರಿ ಎದ್ದು ಸೊಪ್ಪು ಹಾಕಬೇಕು ಅನ್ನೋದು ಬಿಟ್ಟು ಇನ್ನೇನೂ ತೋಚಲ್ಲ."

ಚಂದ್ರಿಕೆ ಮುಂದೆ ಕೂತು ಗೂಡು ಬಿಡಿಸುತ್ತಾ ಜಾನಕಿ ಅಮ್ಮನ ಕತೆಯನ್ನು ಇನ್ನೊಮ್ಮೆ ಹೇಳಿದೆ. ಈ ಸಲ ಕೇಳಿಸಿಕೊಂಡವರು ಹುಳದ ಮನೆಯವರು. ಒಂದು ಸೀರೆಗೆ 50,000 ಹುಳ ಸಾಯುತ್ತೆ ಅಂತ ನಾನು ಎಲ್ಲೋ ಓದಿದ್ದನ್ನೂ ಸೇರಿಸಿದೆ. ಚಿಕ್ಕಮ್ಮ ಕೈ ನಿಲ್ಲಿಸದೆ ನಕ್ಕರು. "ಐವತ್ತು ಸಾವಿರ ಅಂದರೆ ನನ್ನ ಇಡೀ ಬೆಳೆ ಕಣೇ. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ ತಂದರೆ ಅಷ್ಟು ಹುಳ ಬರೋದು. ಅದೆಲ್ಲ ಒಂದು ಸೀರೆಗೆ ಹೋದರೆ ಆ ಸೀರೆ ಹೊರೋಕೆ ಇಬ್ಬರು ಆಳು ಬೇಕು." ಆಮೇಲೆ ಲೆಕ್ಕ ಹೇಳಿದರು. ಕೆ.ಜಿ.ಗೆ 600 ಗೂಡು ಹತ್ತಿರ ಹತ್ತಿರ. ಒಂದು ಕೆ.ಜಿ. ನೂಲಿಗೆ ಏಳು ಕೆ.ಜಿ. ಗೂಡು ಅಂತ ಇಟ್ಟುಕೋ. ಅಲ್ಲಿಗೆ ನಾಲ್ಕು ಸಾವಿರ ಚಿಲ್ಲರೆ. ಸೀರೆಯಲ್ಲಿ ಜರಿ ಬಿಟ್ಟು ಬರೀ ರೇಷ್ಮೆ ಅರ್ಧ ಕೆ.ಜಿ.ಯ ಮೇಲೆ ಸ್ವಲ್ಪ ಇರಬಹುದು. ಎರಡೂವರೆ ಸಾವಿರ, ಮೂರು ಸಾವಿರ ಹುಳ. "ಅದೂ ಕಮ್ಮಿ ಏನಲ್ಲ ಬಿಡು" ಅಂತ ಅವರೇ ಸೇರಿಸಿದರು. ಒಳ್ಳೇ ಉದ್ದೇಶಕ್ಕೆ ಹೇಳಿದರೂ ಲೆಕ್ಕ ಲೆಕ್ಕವೇ, ನಾಲ್ಕನೇ ಕ್ಲಾಸು ಓದಿದ ಚಿಕ್ಕಮ್ಮನ ಮುಂದೆ ನಾನು ಪೆಚ್ಚಾದೆ.

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಊಟ ಆದ ಮೇಲೆ ತಂಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಹುಳದ ಮೇಲೆ ಕನಿಕರವಾ? ಅವಳು ನನ್ನ ಮುಖ ನೋಡಿದಳು. "ಕನಿಕರನೂ ಇಲ್ಲ, ಏನೂ ಇಲ್ಲ ಅಕ್ಕ. ಹತ್ತನೇ ಕ್ಲಾಸು ಪರೀಕ್ಷೆ ಟೈಮಲ್ಲಿ ನಾಲ್ಕನೇ ಜ್ವರ. ಪಿಯುಸಿಯಲ್ಲೂ ಹಾಗೇ. ಗೆಳತಿಯ ಮದುವೆಗೆ ಹೋಗೋಕೆ ಆಗಲಿಲ್ಲ, ಹುಳ ಹಣ್ಣಾಗಿತ್ತು. ಮದುವೆ ದಿನ ಒಂದಾದರೂ ಅದು ಬಿಟ್ಟು ಬೇರೆ ಏನಾದರೂ ಮೈಮೇಲೆ ಇರಲಿ ಅಂತ."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಸಂಜೆ ಹೇಮಾವತಿಗೆ ಹೋಗಿ ಬಂದೆವು. ಹಳೇ ಹೆಸರು ಹೆಂಜೇರು, ನೊಳಂಬರ ರಾಜಧಾನಿ. ಸಿದ್ದೇಶ್ವರನ ಗುಡಿ, ಕೆತ್ತನೆ ಕಂಬ, ಪ್ರಶಾಂತ ಜಾಗ. ಅಮ್ಮ ಹರಕೆ ಕಟ್ಟಿದರು, ಏನಂತ ಹೇಳಲಿಲ್ಲ.

ಮೂರನೇ ದಿನ, ಶನಿವಾರ

ಗೂಡಿನ ಮೂಟೆ ಜೊತೆಗೆ ಆಟೋದಲ್ಲಿ ಹಿಂದೂಪುರ. ಗೂಡು ಬಿಡಿಸಿದ ಮೇಲೆ ತಡಮಾಡೋ ಹಾಗಿಲ್ಲ. ಕಾರಣ ಜಾನಕಿ ಅಮ್ಮನ ಪ್ರಶ್ನೆಯೊಳಗೇ ಇದೆ. ಇನ್ನು ನಾಲ್ಕೈದು ದಿನ ಬಿಟ್ಟರೆ ಒಳಗಿನದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ. ಬಂದರೆ ರೈತನಿಗೆ ನಷ್ಟ. ಮಾರುಕಟ್ಟೆಯಲ್ಲಿ ನೂಲು ತೆಗೆಯೋ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ಒತ್ತಿ, ಅಲ್ಲಾಡಿಸಿ ಕಿವಿ ಹತ್ತಿರ ಇಟ್ಟು, ಒಂದೆರಡು ಕತ್ತರಿಸಿ ನೋಡಿ ರೇಟು ಕೂಗುತ್ತಾರೆ. ಮಾವಿನಹಣ್ಣು ಆರಿಸೋರ ಹಾಗೆ. ರೇಟು ಚೆನ್ನಾಗಿಲ್ಲ ಅನ್ನಿಸಿದರೆ ನಮ್ಮ ಕಡೆಯವರು ರಾಮನಗರಕ್ಕೂ ಒಯ್ಯುತ್ತಾರೆ. ಈ ಸಲ ಚಿಕ್ಕಪ್ಪನ ಮುಖ ನೋಡಿದರೆ ರೇಟು ಪರವಾಗಿಲ್ಲ ಅನ್ನಿಸಿತು. ಎಷ್ಟು ಅಂತ ಕೇಳಿದ್ದಕ್ಕೆ "ಮದುವೆ ಖರ್ಚಲ್ಲಿ ಶಾಮಿಯಾನ ಆಯ್ತು" ಅಂದರು.

ಮಾರೋ ಮುಂಚೆ ಒಂದು ಹಿಡಿ ಗೂಡನ್ನು ನಾನು ಟಿಫಿನ್ ಡಬ್ಬಿಗೆ ಹಾಕಿಕೊಂಡೆ. ಮುಚ್ಚಳಕ್ಕೆ ತೂತು ಮಾಡಿದೆ. ಚಿಕ್ಕಪ್ಪ ನೋಡಿದರು, ಏನೂ ಅನ್ನಲಿಲ್ಲ.

ಅಲ್ಲೇ ಪರಿಚಯದ ಒಬ್ಬರ ರೀಲಿಂಗ್ ಮನೆ. ಬಿಸಿ ನೀರಿನ ಬಾಣಲೆಯಲ್ಲಿ ಗೂಡು ಕುಣಿಯುತ್ತಿರುತ್ತೆ. ಒಬ್ಬ ಅಕ್ಕ ಬರಿಗೈಯಲ್ಲಿ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಸೇರಿಸಿ ಚರಕಕ್ಕೆ ಕೊಡುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ, ಅವರ ಬೆರಳಿಗೆ ಕಾಣುತ್ತೆ. ಬೆರಳ ತುದಿ ಪೂರ್ತಿ ಬೆಳ್ಳಗೆ ಸುಕ್ಕಾಗಿತ್ತು. ವಾಸನೆ ಬಗ್ಗೆ ಬರೆಯಲ್ಲ, ಹೋದವರಿಗೆ ಗೊತ್ತು. ಎಳೆ ಎಲ್ಲ ಬಿಚ್ಚಿಕೊಂಡ ಮೇಲೆ ಕಂದು ಬಣ್ಣದ ಹುಳ ನೀರಿನ ತಳದಲ್ಲಿ ಉಳಿಯುತ್ತೆ, ಅದು ಕೋಳಿಗೆ, ಮೀನಿಗೆ ಆಹಾರವಾಗಿ ಹೋಗುತ್ತೆ.

ಮೂಲೆಯಲ್ಲಿ ಒಂದು ಚೀಲ ಇತ್ತು, ತೂತು ಬಿದ್ದ ಗೂಡು. ಇದೇನು ಮಾಡ್ತೀರ ಅಕ್ಕ ಅಂತ ಕೇಳಿದೆ. "ಅದು ವೇಸ್ಟು. ತೂತಾದರೆ ದಾರ ಬರಲ್ಲ." ಚಿಟ್ಟೆ ಹೊರಗೆ ಬರುವಾಗ ಬಾಯಿಂದ ನೀರಿನಂಥದ್ದು ಬಿಟ್ಟು ಗೂಡಿನ ತುದಿ ನೆನೆಸಿ ದಾರಿ ಮಾಡಿಕೊಳ್ಳುತ್ತೆ, ಎಳೆ ಅಲ್ಲಲ್ಲಿ ಕೆಡುತ್ತೆ. ಒಂದು ಕಿಲೋಮೀಟರ್ ಎಳೆಯನ್ನು ಹಾಗೇ ಬಿಚ್ಚಿಕೊಳ್ಳೋಕೆ ಆಗಲ್ಲ. ಹತ್ತಿಯ ಹಾಗೆ ಬಿಡಿಸಿ ನೂಲಬೇಕು. ಬಿತ್ತನೆ ಮೊಟ್ಟೆ ಮಾಡೋ ಕೇಂದ್ರಗಳಲ್ಲಿ ಇಂಥ ತೂತು ಗೂಡು ಮೊದಲಿಂದಲೂ ಉಳಿಯುತ್ತಿತ್ತು, ಅದನ್ನು ನೂಲೋ ಗಿರಣಿಗಳೂ ಇದ್ದವು. ಹಾಗಾಗಿ ರಾಜಯ್ಯ ಗಾಳಿಯಿಂದ ಏನನ್ನೋ ಸೃಷ್ಟಿಸಿದರು ಅಂತ ನಾನು ಹೇಳಲ್ಲ. ಮೂಲೆಯ ಚೀಲದಲ್ಲಿ ಬಿದ್ದಿದ್ದನ್ನೇ ನಡುಮನೆಗೆ ತಂದರು. ಉಳಿದ ಮೇಲೆ ಬಳಸೋದಲ್ಲ, ಹುಳ ಉಳಿಯಲಿ ಅಂತಲೇ ಕಾದು ಆಮೇಲೆ ನೂಲೋದು. ಅಷ್ಟೇ ವ್ಯತ್ಯಾಸ, ಆದರೆ ಪೂರ್ತಿ ವ್ಯತ್ಯಾಸ.

ಮಧ್ಯಾಹ್ನ ಲೇಪಾಕ್ಷಿ, ಹಿಂದೂಪುರದಿಂದ 15 ಕಿ.ಮೀ. ತೂಗೋ ಕಂಬದ ಕೆಳಗೆ ಬಟ್ಟೆ ತೂರಿಸಿ ಎಳೆಯೋಕೆ ಜನ ಸಾಲು ನಿಂತಿದ್ದರು, ನಾವೂ ಅಮ್ಮನ ಟವೆಲ್ ಎಳೆದೆವು. ಆದರೆ ನಮಗೆ ಬೇಕಾಗಿದ್ದು ಮೇಲ್ಛಾವಣಿ. ವಿಜಯನಗರದ ಅಚ್ಯುತರಾಯನ ಕಾಲದ ಚಿತ್ರಗಳು. ಅದರಲ್ಲಿನ ಹೆಂಗಸರ ಸೀರೆ ನೋಡಿ, ಪಟ್ಟೆ, ಚೌಕಳಿ, ಹೂಬಳ್ಳಿ, ಅಗಲ ಅಂಚು. ಲತಾ ಮಂಟಪದ ಒಂದೊಂದು ಕಂಬದಲ್ಲೂ ಒಂದೊಂದು ವಿನ್ಯಾಸ. ಧರ್ಮಾವರಂ ನೇಕಾರರು ಇಂದಿಗೂ ಇಲ್ಲಿಂದ ಅಂಚಿನ ಡಿಸೈನ್ ಎತ್ತುತ್ತಾರೆ. ಗೋಡೆಯಲ್ಲಿ ಕನ್ನಡ ಶಾಸನ ಇದೆ. ಅಮ್ಮ ಬೆರಳು ಇಟ್ಟು ನಾಲ್ಕು ಅಕ್ಷರ ಓದಿದರು, ಐದನೆಯದಕ್ಕೆ ಸೋತರು, ಕನ್ನಡಕ ಸರಿ ಇಲ್ಲ ಅಂದರು. ಐನೂರು ವರ್ಷದ ಹಿಂದೆ ಅರಮನೆ ಹೆಂಗಸರು ಏನು ಉಟ್ಟಿದ್ದರು ಅಂತ ಇಲ್ಲಿ ಬಿಡಿಸಿಟ್ಟಿದ್ದಾರೆ, ಅವರ ಹೆಸರು ಮಾತ್ರ ಕೇಳಬೇಡಿ.

ರಾತ್ರಿ ಹಿಂದೂಪುರದ ಲಾಡ್ಜಿನಲ್ಲಿ ಬಿಸಿನೀರು ಬರಲಿಲ್ಲ. ಕರೆಂಟೂ ಹೋಯಿತು. ಕತ್ತಲಲ್ಲಿ ಕೂತು ಅಮ್ಮನಿಗೆ ಬೇರೆ ರಾಷ್ಟ್ರಪತಿಗಳ ಮನೆಯವರ ಕತೆ ಹೇಳಿದೆ. ಉಷಾ ನಾರಾಯಣನ್ ಬರ್ಮಾದವರು, ಹುಟ್ಟಿದ ಹೆಸರು ಟಿಂಟ್ ಟಿಂಟ್. ವಿದೇಶಾಂಗ ಸೇವೆಯಲ್ಲಿದ್ದವರು ಪರದೇಶದವರನ್ನು ಮದುವೆಯಾಗೋ ಹಾಗಿರಲಿಲ್ಲ, ಕೆ.ಆರ್. ನಾರಾಯಣನ್ ಅವರಿಗೆ ನೆಹರೂ ಅವರ ವಿಶೇಷ ಅನುಮತಿ ಬೇಕಾಯಿತು. ಸವಿತಾ ಕೋವಿಂದ್ 2020ರ ಲಾಕ್‌ಡೌನಿನಲ್ಲಿ ತಾವೇ ಹೊಲಿಗೆ ಮಿಷನ್ ಮುಂದೆ ಕೂತು ಮಾಸ್ಕ್ ಹೊಲಿದರು, ಅದು ದಿಲ್ಲಿಯ ನಿರಾಶ್ರಿತರ ತಂಗುದಾಣಗಳಿಗೆ ಹೋಯಿತು. ದ್ರೌಪದಿ ಮುರ್ಮು ಅವರದು ಉಲ್ಟಾ. ಗಂಡ ಶ್ಯಾಮಚರಣ್ ಅವರು ಹೆಂಡತಿ ರಾಷ್ಟ್ರಪತಿಯಾಗಿದ್ದನ್ನು ನೋಡಲೇ ಇಲ್ಲ, 2014ರಲ್ಲೇ ಹೋದರು. ಗಂಡ, ಇಬ್ಬರು ಗಂಡುಮಕ್ಕಳ ನೆನಪಿಗೆ ಆಕೆ ಪಹಾಡ್‌ಪುರದ ಮನೆಯನ್ನೇ ಬಡ ಮಕ್ಕಳ ವಸತಿ ಶಾಲೆ ಮಾಡಿದರು. ಇಲ್ಲಿ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಈ ರಾಷ್ಟ್ರಪತಿ ಹೆಂಡತಿಗೆ ಸಂಬಳ ಎಷ್ಟು?" ಅಂತ ಆಮೇಲೆ ಕೇಳಿದರು. ಸಂಬಳವೂ ಇಲ್ಲ, ಅಧಿಕಾರವೂ ಇಲ್ಲ, ಸಂವಿಧಾನದಲ್ಲಿ ಆ ಸ್ಥಾನದ ಬಗ್ಗೆ ಒಂದು ಸಾಲೂ ಇಲ್ಲ ಅಂದೆ. ಒಂದು ಫೈಲಿಗೂ ಸಹಿ ಹಾಕೋ ಹಾಗಿಲ್ಲ. "ಹಾಗಾದರೆ ಎಲ್ಲರ ಮನೆ ಥರಾನೇ" ಅಂದು ಅಮ್ಮ ಮಗ್ಗುಲಾದರು.

ಅದು ಪೂರ್ತಿ ನಿಜ ಅಲ್ಲ. ರಾಷ್ಟ್ರಪತಿ ಹೆಂಡತಿ ಕೇಳಿದ್ದಕ್ಕೆ ಮಾಡಿದ ಅಂತ ಮೊದಲ ದಿನ ಬಸ್ಸಿನಲ್ಲಿ ಅಮ್ಮನೇ ಹೇಳಿದ್ದರು. ಆದೇಶ ಮಾಡೋ ಅಧಿಕಾರ ಇರಲಿಲ್ಲ, ಹೌದು. ಕೇಳಿದ ಮಾತು ನೆಲಕ್ಕೆ ಬೀಳದಷ್ಟು ಎತ್ತರದ ಜಾಗ ಇತ್ತು. ಆ ಜಾಗದಲ್ಲಿ ಕೂತು ಏನು ಕೇಳುತ್ತಾರೆ ಅನ್ನೋದು ಅವರವರಿಗೆ ಬಿಟ್ಟಿದ್ದು. ಇನ್ನೂ ಚೆಂದದ ಜರಿ ತೋರಿಸಿ ಅಂತಲೂ ಕೇಳಬಹುದಿತ್ತು.

ನಾಲ್ಕನೇ ದಿನ, ಭಾನುವಾರ

ಬೆಳಗಿನ ರೈಲಿಗೆ ಧರ್ಮಾವರಂ. ಸ್ಟೇಷನ್ ಹತ್ತಿರ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಬಜ್ಜಿ ಖಾರಕ್ಕೆ ಅಮ್ಮನ ಕಣ್ಣಲ್ಲಿ ನೀರು, ಆದರೂ ಇನ್ನೊಂದು ತೆಗೆದುಕೊಂಡರು.

ಊರೊಳಗೆ ಮಗ್ಗದ ಸದ್ದು ಹಿಡಿದು ನಡೆದೆವು. ಈಗ ಪವರ್‌ಲೂಮಿನ ಸದ್ದೇ ಜಾಸ್ತಿ. ಕೆಲವು ಬಗೆಯ ಸೀರೆ ಕೈಮಗ್ಗಕ್ಕೇ ಮೀಸಲು ಅಂತ 1985ರ ಕಾಯ್ದೆ ಇದೆ, ಅದು ಕಾಗದದಲ್ಲಿ. ನಮಗೆ ಹೇಳಿಟ್ಟಿದ್ದ ಮನೆ ಒಂದು ಓಣಿಯ ಕೊನೆಯಲ್ಲಿ. ನಡುಮನೆಯಲ್ಲೇ ಗುಂಡಿ ಮಗ್ಗ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರರು, ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿರುವ ಹೆಂಡತಿ. ನಮ್ಮ ಹತ್ತಿರ ಕನ್ನಡದಲ್ಲೇ ಮಾತಾಡಿದರು. ಬಳ್ಳಾರಿ ಕಡೆಯಿಂದ ಸೊಸೆ ತಂದಿದ್ದಾರಂತೆ, ಮೊಮ್ಮಕ್ಕಳು ಕಲಿಸಿದ್ದು.

ಅಹಿಂಸಾ ರೇಷ್ಮೆ ಗೊತ್ತಾ ಅಣ್ಣ ಅಂತ ಕೇಳಿದೆ. ಗೊತ್ತು, ಒಂದು ಸಲ ನೂಲು ನೋಡಿದ್ದೀನಿ ಅಂದರು. ಲಾಳಿ ನಿಲ್ಲಿಸಿ ವಿವರವಾಗಿ ಹೇಳಿದರು. ಇದು ಉದ್ದ ಎಳೆ, ಬೆಳಕು ಬಿದ್ದರೆ ಹೊಳೆಯುತ್ತೆ. ಅದು ತುಂಡು ಎಳೆ ಕೂಡಿಸಿ ನೂತಿದ್ದು, ಮೈಮೇಲೆ ಸಣ್ಣ ನಾರು ಏಳುತ್ತೆ, ಮೆತ್ತಗಿರುತ್ತೆ, ಸುಕ್ಕು ಕಡಿಮೆ, ಆದರೆ ಹೊಳಪು ಮಂಕು. ನಮ್ಮ ಅಗಲ ಅಂಚು, ತೂಕದ ಜರಿ ಸೆರಗಿಗೆ ಹೊಂದಲ್ಲ. ಸಾದಾ ಸೀರೆ, ಶಾಲು, ಶರ್ಟಿನ ಬಟ್ಟೆಗೆ ಚೆನ್ನಾಗಿರುತ್ತೆ. ಅದೇ ಗೂಡಿನಿಂದ ನೂಲು ಕಮ್ಮಿ ಬರುತ್ತೆ, ಕೆಲಸ ಜಾಸ್ತಿ, ಹಾಗಾಗಿ ರೇಟೂ ಜಾಸ್ತಿ. "ಹೊಳಪು ಕಮ್ಮಿ, ದುಡ್ಡು ಜಾಸ್ತಿ ಅಂದರೆ ಮದುವೆಗೆ ಯಾರಮ್ಮ ತಗೋತಾರೆ?"

ಕೇಳಿದ ಮೊದಲನೆಯವರು ಜಾನಕಿ ಅಮ್ಮ, ಅಂದೆ. ಅವರಿಗೂ ಆ ಕತೆ ಹೊಸದು. "ದೊಡ್ಡವರು. ಅವರಿಗೆ ಯಾವುದು ಉಟ್ಟರೂ ನಡೆಯುತ್ತೆ. ನಮ್ಮ ಹುಡುಗಿ ಮಂಕು ಸೀರೆ ಉಟ್ಟರೆ ಬೀಗರು ಮಾತಾಡ್ತಾರೆ" ಅಂತ ಹೆಂಡತಿ ಮೊದಲ ಸಲ ಬಾಯಿಬಿಟ್ಟರು. ಅಮ್ಮ ಜೋರಾಗಿ ತಲೆಯಾಡಿಸಿದರು.

ಆಮೇಲೆ ವೀಡಿಯೊ ಕಾಲ್. ಇಪ್ಪತ್ತು ನಿಮಿಷ ತಂಗಿ, ಚಿಕ್ಕಮ್ಮ, ಅಮ್ಮ ಮೂವರೂ ಒಟ್ಟಿಗೆ ಮಾತಾಡಿದರು, ನೆಟ್‌ವರ್ಕ್ ಹೋಗಿ ಬಂದು ಮಾಡಿತು, ನೇಕಾರರು ಒಂದೊಂದೇ ಸೀರೆ ಬಿಡಿಸಿ ತೋರಿಸಿದರು. ಕೊನೆಗೆ ರಾಜಿ ಆಯಿತು. ಧಾರೆಗೆ ಒಂದು ಧರ್ಮಾವರಂ, ಕನಕಾಂಬರ ಬಣ್ಣ, ಹಸಿರು ಅಂಚು. ಆರತಕ್ಷತೆಗೆ ತಂಗಿ ಇಷ್ಟದ ಹತ್ತಿ ಸೀರೆ, ಅದಕ್ಕೆ ಯಾರೂ ಅಡ್ಡ ಬರಬಾರದು. "ಬರಲ್ಲ" ಅಂತ ಚಿಕ್ಕಮ್ಮ ಹೇಳಿದ ರೀತಿ ನೋಡಿದರೆ ಮದುವೆ ಹೊತ್ತಿಗೆ ಇನ್ನೊಂದು ಸುತ್ತು ಇದೆ ಅನ್ನಿಸಿತು. ಅಮ್ಮ ಚೌಕಾಸಿ ಶುರು ಮಾಡಿದರು, ನಾನು ಹೊರಗೆ ಹೋಗಿ ನಿಂತೆ. ಗುಂಡಿಯಲ್ಲಿ ಕೂತು ದಿನಗಟ್ಟಲೆ ನೇಯ್ದವರ ಮುಂದೆ ಚೌಕಾಸಿ ಮಾಡೋಕೆ ನನಗೆ ಆಗಲ್ಲ, ಅಮ್ಮನಿಗೆ ಅದೇ ಮರ್ಯಾದೆ. ಕೇಳದೆ ಕೊಟ್ಟರೆ ಅವರಿಗೇ ಬೇಜಾರಾಗುತ್ತೆ ಅನ್ನೋದು ಅಮ್ಮನ ವಾದ.

ರಾತ್ರಿ ಬಸ್ಸಿಗೆ ಬೆಂಗಳೂರು.

ಆಮೇಲೆ

ಗುರುವಾರ ಬೆಳಿಗ್ಗೆ ಆರಕ್ಕೆ ಟಿಫಿನ್ ಡಬ್ಬಿಯಿಂದ ಪರಪರ ಸದ್ದು. ಮುಚ್ಚಳ ತೆಗೆದರೆ ಗೂಡುಗಳ ತುದಿ ಒದ್ದೆಯಾಗಿ ಕಂದು ಕಲೆ, ಏಳು ಚಿಟ್ಟೆ ಹೊರಗೆ ಬಂದಿದ್ದವು. ಕೆನೆ ಬಣ್ಣ, ದಪ್ಪ ಹೊಟ್ಟೆ, ರೆಕ್ಕೆ ಇದೆ ಆದರೆ ಹಾರೋಕೆ ಬರಲ್ಲ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲಿ ಸಾಕಿ ಸಾಕಿ ಹಾರೋದನ್ನೇ ಮರೆತಿವೆ. ಬಾಯಿಯೂ ತಿನ್ನೋಕೆ ಬರಲ್ಲ. ಕಿಟಕಿ ತೆಗೆದೆ, ಯಾವುದೂ ಆ ಕಡೆ ಹೋಗಲಿಲ್ಲ. ಗಂಡು ರೆಕ್ಕೆ ಬಡಿಯುತ್ತಾ ಹೆಣ್ಣಿನ ಸುತ್ತ ತಿರುಗಿತು, ಮಧ್ಯಾಹ್ನದವರೆಗೆ ಜೋಡಿಯಾಗಿದ್ದವು, ಸಂಜೆಗೆ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ. ಒಂದು ಹೆಣ್ಣು 500 ಮೊಟ್ಟೆಯವರೆಗೂ ಇಡುತ್ತಂತೆ. ಅಮ್ಮ ಡಬ್ಬಿಯನ್ನು ಇನ್ನು ಅಡುಗೆಮನೆಗೆ ತರಬೇಡ ಅಂದರು, ಅಷ್ಟಾದರೂ ಎರಡು ಸಲ ಬಂದು ನೋಡಿಕೊಂಡು ಹೋದರು.

ಮೂರ್ನಾಲ್ಕು ದಿನಕ್ಕೆ ಚಿಟ್ಟೆಗಳು ತಾವಾಗಿಯೇ ಸತ್ತವು. ಮೊಟ್ಟೆ ಉಳಿದವು. ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ. ಏಳು ಜೀವ ಉಳಿಸಿದೆ ಅಂತ ಬರೆದೆ.

ಕೂಡಲೇ ಫೋನು ಬಂತು. ಇವು ಬಿತ್ತನೆಗೆ ಬರಲ್ಲ ಕಣೇ, ಬೆಳೆ ಸರಿಯಾಗಿ ಆಗಲ್ಲ, ನಾವು ಯಾವಾಗಲೂ ಮೊಟ್ಟೆ ಹೊರಗಿಂದಲೇ ತರೋದು ಅಂದರು. ಬೆಳೆಗಲ್ಲ ಚಿಕ್ಕಮ್ಮ, ಸುಮ್ನೆ, ಅಂದೆ.

"ಸುಮ್ನೆ ಅಂದರೆ? ಹತ್ತು ದಿನಕ್ಕೆ ಮರಿ ಎದ್ದರೆ ಸಾವಿರ ಬಾಯಿ. ಸೊಪ್ಪು ಎಲ್ಲಿಂದ ತರ್ತೀಯ?"